ರಾಜ ಆರಿಸಿದ ಟೈಲ್ಸ್

ಹೈದರಾಬಾದಿನ ಐಟಿಯವರೆಲ್ಲ ಹೊಸ ಫ್ಲ್ಯಾಟಿಗೆ ಕನ್ನಡಿಯಂಥ ಟೈಲ್ಸ್ ಹಾಕಿಸುತ್ತಿದ್ದ ಕಾಲ ಅದು. ಅಲ್ಲಿನ ತಾರ್ನಾಕ ಬಡಾವಣೆಯ ನಮ್ಮ ಫ್ಲ್ಯಾಟಿನ ಬಾತ್‌ರೂಮಿನಲ್ಲೂ ಅದೇ ಇತ್ತು. ನಮ್ಮ ಮುದಿ ನಾಯಿ ರಾಜನಿಗೆ ಸ್ನಾನ ಮಾಡಿಸಲು ಹೋದರೆ ಅವನ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಜಾರುತ್ತಿದ್ದವು. ಒಮ್ಮೆ ಬಿದ್ದು ಸೊಂಟ ಉಳುಕಿದ ಮೇಲಂತೂ ಆ ಬಾಗಿಲ ಹತ್ತಿರವೂ ಸುಳಿಯಲಿಲ್ಲ. ಟೈಲ್ಸ್ ಬದಲಿಸೋಣವೆಂದು ಅವನನ್ನೇ ಕರೆದುಕೊಂಡು ಅಂಗಡಿಗೆ ಹೋದೆ.

ಅಂಗಡಿಯವರು ಬೀದರ್ ಕಡೆಯವರು. ನನ್ನ ಕನ್ನಡ ಕೇಳಿ ಚಹಾ ತರಿಸಿದರು. ಸ್ಯಾಂಪಲ್ಲುಗಳನ್ನು ನೆಲದ ಮೇಲೆ ಹಾಸಿ, ನೀರು ಚಿಮುಕಿಸಿ, "ನೋಡ್ರಿ, ಕನ್ನಡಿ ಹಂಗ ನಿಮ್ಮ ಮಾರಿ ಕಾಣ್ತೈತಿ!" ಎಂದು ಹೆಮ್ಮೆಯಿಂದ ತೋರಿಸಿದರು. ರಾಜ ಒಂದೊಂದನ್ನೂ ಮೂಸಿ ಹಿಂದೆ ಸರಿದ. ಕೊನೆಗೆ ಹೊರಗೆ ಹೋಗಿ, ಅಂಗಡಿಯ ಬಾಗಿಲೆದುರಿನ ಒರಟು ಟೈಲ್ಸ್ ಮೇಲೆ ಆರಾಮಾಗಿ ಮಲಗಿಬಿಟ್ಟ.

"ನನಗೆ ಅದೇ ಕೊಡಿ" ಎಂದೆ.

"ಅದು ಪಾರ್ಕಿಂಗಿಗೆ ಹಾಕೂದ್ರಿ ಸಾಹೇಬ್ರ! ಬಾತ್‌ರೂಮಿಗೆ ಕೊಟ್ಟೆ ಅಂದ್ರ ಮಂದಿ ನಗತಾರ."

"ನಗಲಿ ಬಿಡಿ. ಇವನು ಬೀಳದಿದ್ದರೆ ಸಾಕು."

ಅವರು ಹೊರಗೆ ಬಂದು ರಾಜನ ತಲೆ ಸವರಿದರು. "ಕೊಡ್ತೀನ್ರಿ. ಆದ್ರ ನಮ್ಮ ಅಂಗಡಿ ಹೆಸರು ಮಾತ್ರ ಯಾರಿಗೂ ಹೇಳಬ್ಯಾಡ್ರಿ."

ಆ ಟೈಲ್ಸ್ ಹಾಕಿಸಿದ ಮೇಲೆ ಬಕೆಟ್ ಸದ್ದಾದರೆ ಸಾಕು, ರಾಜ ನನಗಿಂತ ಮೊದಲೇ ಬಾತ್‌ರೂಮಿನಲ್ಲಿ ಇರುತ್ತಿದ್ದ. ಮಂಡಿನೋವಿನ ನಮ್ಮ ಅತ್ತೆ ಬಂದಾಗ, "ಒಂಚೂರೂ ಜಾರಲ್ಲ! ಯಾವ ಅಂಗಡೀದು ಅಳಿಯಂದ್ರೇ?" ಎಂದು ಕೇಳಿದರು. ನಾನು ರಾಜನ ಕಡೆ ಕೈ ತೋರಿಸಿದೆ. ಆರಿಸಿದವನು ಅವನೇ ತಾನೇ. ಅವನಂತೂ ಬಾಯಿ ಬಿಡುವವನಲ್ಲ.