ಓನರ್ ಅಜ್ಜಿಯ ದೊಡ್ಡ ಪರದೆ

ನಮ್ಮ ವಠಾರದ ಓನರ್ ಅಜ್ಜಿಯ ಕನ್ನಡಕ ಎಷ್ಟು ದಪ್ಪವಿತ್ತೆಂದರೆ, ಬಿಸಿಲಲ್ಲಿ ಬಿಚ್ಚಿಟ್ಟರೆ ಕೆಳಗೆ ಒಣಹಾಕಿದ ಹಪ್ಪಳ ತಾನಾಗಿ ಸುಟ್ಟುಕೊಳ್ಳುತ್ತಿತ್ತು. ನಂಬಿಕೆ ಬಾರದವರು ನಮ್ಮ ಅಮ್ಮನನ್ನು ಕೇಳಬಹುದು. ಅವಳು ಸುಳ್ಳು ಎನ್ನುತ್ತಾಳೆ, ಆ ಮಾತು ಬೇರೆ. ಪೊರೆ ತೆಗೆಸಿದ ಮೇಲೆ ಡಾಕ್ಟರು ಕೊಟ್ಟ ಕನ್ನಡಕ ಅದು. ಅದರ ಹಿಂದೆ ಅಜ್ಜಿಯ ಕಣ್ಣುಗಳು ನಿಂಬೆಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಅಷ್ಟು ದೊಡ್ಡ ಕಣ್ಣಿಗೆ ಎದುರು ನಿಂತವರು ಮಾತ್ರ ಕಾಣುತ್ತಿರಲಿಲ್ಲ. ನಮ್ಮನ್ನೆಲ್ಲ ದನಿಯಿಂದಲೇ ಗುರುತು ಹಿಡಿಯುತ್ತಿದ್ದರು.

ಅಜ್ಜಿ ಹುಟ್ಟಾ ಎಡಚರು. ಚಿಕ್ಕಂದಿನಲ್ಲಿ ಅವರಪ್ಪ, ಮದುವೆಯಾದ ಮೇಲೆ ಅತ್ತೆ, ಇಬ್ಬರೂ ಹೊಡೆದು ಹೊಡೆದು ಬಲಗೈಗೆ ತಿರುಗಿಸಿದ್ದರು. ಅತ್ತೆಯ ಸೌಟಿನ ಗುರುತು ಎಡಗೈ ಗೆಣ್ಣಿನ ಮೇಲೆ ಇನ್ನೂ ಇತ್ತು. ಎಪ್ಪತ್ತು ದಾಟಿದ ಮೇಲೂ, ಯಾರಾದರೂ ಬಂದ ಸದ್ದಾದರೆ, ಕದ್ದ ಮಾವಿನಕಾಯಿಯ ಹಾಗೆ ಆ ಕೈಯನ್ನು ಸೆರಗಿನೊಳಗೆ ಬಚ್ಚಿಡುತ್ತಿದ್ದರು.

ಇನ್ನು ನಾನು. ಆಗ ಎಂಟನೇ ಕ್ಲಾಸು, ಆದರೆ ವಠಾರದ ಮಟ್ಟಿಗೆ ಸಿನಿಮಾ ಎಂದರೆ ನಾನೇ. ಅತ್ತಿಗುಪ್ಪೆಯ ಬಯಲಲ್ಲಿದ್ದ ಟೆಂಟಿನಲ್ಲಿ ಬಂದ ಪ್ರತಿ ಚಿತ್ರವನ್ನೂ ನೋಡಿ, ಸಂಜೆ ನಲ್ಲಿಕಟ್ಟೆಯ ಮೇಲೆ ನಿಂತು ಹೇಳುತ್ತಿದ್ದೆ. ಚಿತ್ರದಲ್ಲಿ ಎರಡು ಫೈಟಿದ್ದರೆ ನನ್ನಲ್ಲಿ ಆರು. ಮಕ್ಕಳು ಬಾಯಿ ಬಿಟ್ಟು ಕೂರುತ್ತಿದ್ದವು, ನೀರು ಹಿಡಿಯಲು ಬಂದ ಹೆಂಗಸರ ಬಿಂದಿಗೆ ತುಂಬಿ ಹರಿಯುತ್ತಿತ್ತು. ನಾನು ಕುರ್ಚಿ ಕ್ಲಾಸಿನಲ್ಲಿ ಕೂತು ನೋಡುತ್ತೇನೆಂದು ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಕೂರುತ್ತಿದ್ದುದು ಟೆಂಟಿನ ಹಿಂದೆ, ಮಣ್ಣುಗುಡ್ಡೆಯ ಮೇಲೆ. ಅಲ್ಲಿಂದ ಪರದೆಯ ಬೆನ್ನು ಕಾಣುತ್ತಿತ್ತು. ತೆಳು ಬಟ್ಟೆಯಾದ್ದರಿಂದ ಚಿತ್ರ ಈಚೆಗೂ ಮೂಡುತ್ತಿತ್ತು, ಬಿಟ್ಟಿಯಾಗಿ, ಅಕ್ಷರಗಳೆಲ್ಲ ಹಿಂದುಮುಂದಾಗಿ. ನಮ್ಮ ವಿಜಯನಗರ ಬಡಾವಣೆಯಲ್ಲಿ ಕನ್ನಡವನ್ನು ಬಲದಿಂದ ಎಡಕ್ಕೆ ಓದಬಲ್ಲವನು ನಾನೊಬ್ಬನೇ ಇದ್ದೆ.

ಅಕ್ಷರ ತಿರುಗಿದರೆ ಕೈಯೂ ತಿರುಗಿರುತ್ತದೆ ಎಂಬುದು ಮಾತ್ರ ಈ ಮೇಧಾವಿಗೆ ಹೊಳೆದಿರಲಿಲ್ಲ. ಹಾಗಾಗಿ ನನ್ನ ಹೀರೋಗಳೆಲ್ಲ ಎಡಗೈಯಲ್ಲಿ ಹೊಡೆಯುವವರು. ಪೋಸ್ಟರಿನಲ್ಲಿ ಬಲಗೈ ಇದೆಯಲ್ಲ ಎಂದು ಒಬ್ಬ ಅನುಮಾನಪಟ್ಟಾಗ, ಪೋಸ್ಟರ್ ಬರೆಯುವವನಿಗೆ ಅಷ್ಟೂ ಜ್ಞಾನವಿಲ್ಲ ಎಂದು ಬಾಯಿ ಮುಚ್ಚಿಸಿದ್ದೆ. ನಮ್ಮ ಹುಡುಗರು ಚಿನ್ನಿದಾಂಡನ್ನೂ ಎಡಗೈಯಲ್ಲಿ ಆಡತೊಡಗಿದರು. ಪಕ್ಕದ ಬೀದಿಯವರ ಕೈಲಿ ಸೋತು ಸೋತು ಸುಣ್ಣವಾದರು.

ಅಜ್ಜಿ ಕಿಟಕಿಯ ಒಳಗಿಂದ ಕೇಳಿಸಿಕೊಳ್ಳುತ್ತಿದ್ದರು. ಫೈಟು ಬಂದಾಗ ತಪ್ಪದೆ ಒಂದು ಪ್ರಶ್ನೆ.

"ಯಾವ ಕೈಯಲ್ಲಿ ಹೊಡೆದನೋ?"

"ಎಡಗೈಯಲ್ಲೇ ಅಜ್ಜಿ."

"ಹಾಗೆ ಹೇಳು ಮತ್ತೆ." ಕಿಟಕಿ ಸರಳಿನ ನಡುವಿನಿಂದ ನನಗೊಂದು ಚಕ್ಕುಲಿ ಬರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಅಜ್ಜಿಯ ಚಿಕ್ಕ ಮಗ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೆಜೆಸ್ಟಿಕ್ಕಿಗೆ ಹೊರಟ. ಎಪ್ಪತ್ತು ಎಂಎಂ ಚಿತ್ರ, ಅದೂ ಇಂಗ್ಲಿಷಿನದು, ಅದೂ ಬಾಲ್ಕನಿ. ಟಿಕೆಟ್ಟು ಮಾಮೂಲಿಗಿಂತ ಎಷ್ಟೋ ಜಾಸ್ತಿ. ವಠಾರದ ಮೋರಿ ದೀಪಕ್ಕೆ ದೊಡ್ಡ ಬಲ್ಬು ಹಾಕಿಸದ ಅಜ್ಜಿ, ಇಂಗ್ಲಿಷಿನ ಒಂದಕ್ಷರ ಬಾರದ ಅಜ್ಜಿ, ನನಗಿಂತ ಮೊದಲು ದೊಡ್ಡ ಪರದೆ ನೋಡುವುದೆಂದರೇನು? ಹೊಟ್ಟೆಯಲ್ಲಿ ಅಂಥ ಉರಿ ಎದ್ದಿತ್ತೆಂದರೆ ಅಮ್ಮ ಅದರ ಮೇಲೆ ಬೇಳೆ ಬೇಯಿಸಬಹುದಿತ್ತು.

ಮರುದಿನ ನಲ್ಲಿಕಟ್ಟೆಗೆ ಹೋದರೆ ನನ್ನ ಜಾಗದಲ್ಲಿ ಅಜ್ಜಿ. ಮಕ್ಕಳೆಲ್ಲ ಅವರ ಕಾಲ ಬುಡದಲ್ಲಿ. ಕುದುರೆ ಇಷ್ಟೆತ್ತರ, ಸಮುದ್ರ ನಮ್ಮ ವಠಾರದ ಹತ್ತರಷ್ಟು ಎಂದು ಅಜ್ಜಿ ಹೇಳುತ್ತಿದ್ದರು. ಒಂದು ಸುಳ್ಳೂ ಸೇರಿಸದೆ ನನಗಿಂತ ಚೆನ್ನಾಗಿ ಹೇಳುತ್ತಿದ್ದುದೇ ದೊಡ್ಡ ಅನ್ಯಾಯ.

"ಪರದೆ ದೊಡ್ಡದಾದ್ರೆ ಕಥೆನೂ ದೊಡ್ಡದಾಗತ್ತಾ ಅಜ್ಜಿ?" ಎಂದೆ. "ಅಷ್ಟು ದುಡ್ಡಿಗೆ ಟೆಂಟಲ್ಲಿ ಒಂದು ತಿಂಗಳು ನೋಡಬಹುದು."

"ನೀನು ನೋಡಪ್ಪ," ಎಂದವರೇ ಅಜ್ಜಿ ಕತ್ತಿವರಸೆಗೆ ಬಂದರು. ಬಲಗೈ ಎತ್ತಿ ಬೀಸಿ ತೋರಿಸಿದರು.

ಕೊನೆಮನೆಯ ಪುಟ್ಟ ಹುಡುಗಿ ತಡೆದಳು. "ಅಜ್ಜಿ, ಹೀರೋ ಎಡಗೈಯಲ್ಲಿ ಅಲ್ವಾ ಹೊಡೆಯೋದು?"

ಮಕ್ಕಳೆಲ್ಲ ಅಜ್ಜಿಯ ಬಲಗೈ ನೋಡಿದವು, ಆಮೇಲೆ ನನ್ನ ಮುಖ. ಹಿಂದುಮುಂದಾದ ಅಕ್ಷರಗಳು ನನ್ನ ತಲೆಯಲ್ಲಿ ಗಿರ್ರನೆ ತಿರುಗಿ ನೇರವಾದದ್ದು ಆಗಲೇ. ನನ್ನ ಕುರ್ಚಿ ಕ್ಲಾಸು, ನನ್ನ ನಲ್ಲಿಕಟ್ಟೆ, ಎಲ್ಲವೂ ಅಜ್ಜಿಯ ಒಂದು ಮಾತಿನ ಮೇಲೆ ನಿಂತಿತ್ತು.

ನಿಂಬೆಹಣ್ಣಿನ ಕಣ್ಣು ನನ್ನ ದನಿ ಬಂದ ಕಡೆ ತಿರುಗಿತು. "ಲೋ, ಟೆಂಟಲ್ಲಿ ನೀನು ಎಲ್ಲಿ ಕೂತ್ಕೋತೀಯೋ?"

"ಕು... ಕುರ್ಚಿಲಿ ಅಜ್ಜಿ."

ಅಜ್ಜಿ ಸೆರಗಿನೊಳಗಿಂದ ಎಡಗೈ ಹೊರಗೆ ತೆಗೆದರು.

"ನನಗೆ ಈ ಕೈ ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ, ಅದಕ್ಕೆ ಎತ್ತಿದೆ. ಅವನು ಹೊಡೆದಿದ್ದು ಎಡಗೈಯಲ್ಲೇ ಕಣ್ರೋ. ಬಾಲ್ಕನಿಲಿ ಕೂತು ನೋಡಿದೀನಿ."

ಉಳಿದ ಕತ್ತಿವರಸೆಯನ್ನೆಲ್ಲ ಅಜ್ಜಿ ಎಡಗೈಯಲ್ಲೇ ಮಾಡಿದರು. ನೀರು ಹಿಡಿಯುತ್ತಿದ್ದ ಅವರ ಸೊಸೆ ಬಿಂದಿಗೆ ಬಿಟ್ಟು ನೋಡಿದಳು. ಎಪ್ಪತ್ತು ವರ್ಷ ಸೆರಗಲ್ಲಿ ಅಡಗಿದ್ದ ಕೈ ಹಾಗೆ ಬೀಸುತ್ತದೆಂದು ಯಾರಿಗೆ ಗೊತ್ತಿತ್ತು? ನಾನು ಬಚಾವಾಗಿದ್ದೆ. ಆದರೂ ಹೊಟ್ಟೆ ಉರಿಯಿತು. ನನ್ನ ಆರು ಫೈಟುಗಳೂ ಆ ಒಂದು ಬೀಸಿಗೆ ಸಮವಿರಲಿಲ್ಲ.

ಆಮೇಲೆ ಅಜ್ಜಿ ನನ್ನನ್ನು ಕಿಟಕಿಯ ಬಳಿ ಕರೆದು, ದನಿ ತಗ್ಗಿಸಿ ಹೇಳಿದರು. "ಕನ್ನಡಿಯೊಳಗೆ ನಾನೂ ಬಲಗೈಯವಳೇ ಕಣೋ. ನನಗೆ ಗೊತ್ತಾಗಲ್ವಾ ನೀನು ಪರದೆಯ ಯಾವ ಕಡೆ ಕೂತಿದ್ದೆ ಅಂತ? ಮುಂದಿನ ಸಲ ನನ್ನ ಜೊತೆ ಬಾ."

ಮುಂದಿನ ದೊಡ್ಡ ಚಿತ್ರಕ್ಕೆ ನಿಜಕ್ಕೂ ಕರೆದುಕೊಂಡು ಹೋದರು, ಬಸ್ಸಿನಲ್ಲಿ, ನನ್ನ ಭುಜ ಹಿಡಿದು. ಆ ಪರದೆಯ ಒಂದು ತುದಿಯಿಂದ ಹೊರಟ ಕುದುರೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ನಾನು ಒಂದು ಚಕ್ಕುಲಿ ಮುಗಿಸಿದ್ದೆ. ಆದರೂ ಸೋಲೊಪ್ಪುವ ಜಾತಿ ನನ್ನದಲ್ಲ. ಇಂಟರ್ವಲ್ಲಿನಲ್ಲಿ, ಇಷ್ಟು ದುಡ್ಡು ದಂಡ ಅಲ್ಲವೇ ಎಂದು ಮತ್ತೆ ಕೆಣಕಿದೆ.

ಅಜ್ಜಿ ಕನ್ನಡಕ ಒರೆಸಿಕೊಳ್ಳುತ್ತ ಅಂದರು. "ನೀನು ಮೂರು ವರ್ಷದಿಂದ ನಮ್ಮ ಮನೇಲಿ ಬಾಡಿಗೆಗಿದೀಯ. ನಿನ್ನ ಮೂಗು ಹೇಗಿದೆ ಅಂತ ನನಗೆ ಗೊತ್ತಿಲ್ಲ. ಆ ಕುದುರೆಯವನ ಗಡ್ಡದ ಕೂದಲು ಒಂದೊಂದೂ ಕಾಣ್ತು ಕಣೋ. ಇನ್ನೆಲ್ಲಿ ನನಗೆ ಒಬ್ಬರ ಮುಖ ಕಾಣತ್ತೆ, ಹೇಳು."

ಅಜ್ಜಿ ನೋಡಿದ ಮುಖ ಆ ಕುದುರೆಯವನದು, ನನ್ನದಲ್ಲ. ಅವನ ಮೇಲಿನ ಹೊಟ್ಟೆಕಿಚ್ಚು ನನಗಿನ್ನೂ ಆರಿಲ್ಲ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಕೊನೆಯ ದಿನಗಳಲ್ಲಿ ಎಡಗೈಯಲ್ಲೇ ಕಾಫಿ ಲೋಟ ಹಿಡಿಯುತ್ತಿದ್ದರು, ಸೊಸೆ ಏನೂ ಅನ್ನುತ್ತಿರಲಿಲ್ಲ. ನಲ್ಲಿಕಟ್ಟೆ ಮತ್ತೆ ನನ್ನ ಪಾಲಿಗೆ ಬಂತು. ಈಗ ಟೆಂಟಿನೊಳಗೆ ಕೂತು, ಮುಂದಿನಿಂದಲೇ ನೋಡುತ್ತೇನೆ. ಹೀರೋ ಯಾವ ಕೈ ಎತ್ತುತ್ತಾನೆಂದು ಚೆನ್ನಾಗಿ ಕಾಣುತ್ತದೆ.

ಕೊನೆಮನೆಯ ಹುಡುಗಿ ಈಗಲೂ ಕೇಳುತ್ತಾಳೆ, ಯಾವ ಕೈಯಲ್ಲಿ ಹೊಡೆದ ಎಂದು.

ಎಡಗೈಯಲ್ಲೇ ಎನ್ನುತ್ತೇನೆ, ಮುಚ್ಚಿದ ಆ ಕಿಟಕಿಗೂ ಕೇಳುವಷ್ಟು ಜೋರಾಗಿ.