ಶಾಮಿಯಾನ ಮಡಚಲು ಇಬ್ಬರು ಬೇಕು

ಬೇರೆಯವರ ಲಗ್ನಕ್ಕೆ ನೆರಳು ಹಾಕಿ ಬದುಕಿದ ಮನೆ ನಮ್ಮದು. ಮುನವಳ್ಳಿಯಲ್ಲಿ ಅಪ್ಪ, ಕಾಕಾ ಇಬ್ಬರದೂ ಪಾಲುದಾರಿಕೆಯ ಶಾಮಿಯಾನದ ಅಂಗಡಿ. ಕಾಕಾ ತನ್ನ ಮಗನ ಹೆಸರಿನಲ್ಲಿ ಡಿಜೆ ತಂದ. ಅದು ಅಂಗಡಿಯದೋ, ಅವನ ಸ್ವಂತದ್ದೋ ಎಂಬ ಜಗಳ ಸವದತ್ತಿ ಕೋರ್ಟಿಗೆ ಹೋಯಿತು. ತೀರ್ಪಾಗುವವರೆಗೆ ಯಾರೂ ಏನೂ ಮುಟ್ಟಬಾರದೆಂದು ಆದೇಶವಾಗಿ ಗೋದಾಮಿಗೆ ಬೀಗ ಬಿತ್ತು. ನಮಗೆ ನ್ಯಾಯ ಸಿಗುವ ಮೊದಲೇ ಇಲಿಗಳಿಗೆ ಮನೆ ಸಿಕ್ಕಿತು.

ಕಳೆದ ವರ್ಷ ಸಾಮಾನು ನೋಡಿ ವರದಿ ಕೊಡಲು ಕೋರ್ಟು ಒಬ್ಬ ಕಮಿಷನರರನ್ನು ಕಳಿಸಿತು. ನಾನೂ ಬೈಲಹೊಂಗಲದಿಂದ ತವರಿಗೆ ಬಂದಿದ್ದೆ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ.

"ಇವತ್ತ ತಮ್ಮನ್ನ ನಾನ ಮಾತಾಡಸ್ತೇನಿ. ಡಿಜೆ ಅಂವನ ಇಟ್ಕೊಳ್ಳಲಿ. ಲಗ್ನದ ಸೀಜನ್ನಿಗೆ ಅಂಗಡಿ ತೆರದ್ರ ಸಾಕು."

ನನಗೂ ಆಸೆ ಹುಟ್ಟಿತು, ಸುಳ್ಳೇಕೆ ಹೇಳಲಿ.

ಎರಡೂ ಕಡೆಯ ವಕೀಲರ ಮುಂದೆ ಗೋದಾಮಿನ ಬೀಗ ತೆಗೆದು, ದೊಡ್ಡ ಶಾಮಿಯಾನವನ್ನು ಅಂಗಳಕ್ಕೆಳೆದು ಬಿಡಿಸಿದರು. ಮುಗ್ಗಲು ವಾಸನೆ. ಕಮಿಷನರ್ ಬರೆದುಕೊಂಡು, "ಮತ್ತ ಮಡಚಿ ಒಳಗ ಇಡ್ರಿ" ಎಂದರು. ಅಷ್ಟು ದೊಡ್ಡದನ್ನು ಮಡಚುವುದು ವಕೀಲರಿಗೆಲ್ಲಿ ಗೊತ್ತು? ಆಚೆ ಒಬ್ಬ, ಈಚೆ ಒಬ್ಬ ಹಿಡಿದು, ಬಿಗಿಯಾಗಿ ಎಳೆದು, ನಡೆದು ಬಂದು ನಡುವೆ ಕೂಡಬೇಕು. ಅಪ್ಪ ಒಂದು ತುದಿ ಹಿಡಿದ. ಕಾಕಾ ಯಾರನ್ನೂ ಕೇಳದೆ ಇನ್ನೊಂದು ತುದಿ ಹಿಡಿದ. ಕೈಗಳಿಗೆ ಜಗಳ ನೆನಪೇ ಇರಲಿಲ್ಲ.

"ಜಗ್ಗೋ ತಮ್ಮಾ!" ಅಪ್ಪ ಕೂಗಿದ.

"ನೀ ಗಟ್ಟಿ ಹಿಡಿಯಣ್ಣಾ, ಮುದಕ ಆಗೀದಿ!" ಕಾಕಾ ನಕ್ಕು ಜಗ್ಗಿದ.

ಪರ್ರನೆ ನಡುವೆ ಹರಿಯಿತು.

ಇಬ್ಬರೂ ತಮ್ಮ ತಮ್ಮ ತುಂಡು ಹಿಡಿದು ನಿಂತರು. "ಜಗ್ಗು ಅಂದವ್ರು ಯಾರು? ಬರಕೋರಿ ಸಾಹೇಬ್ರ," ಎಂದ ಕಾಕಾನ ವಕೀಲ. ನಮ್ಮವನು ಸುಮ್ಮನಿರುತ್ತಾನೆಯೇ? "ಜಗ್ಗಿದವ್ರು ಯಾರು, ಅದನ್ನೂ ಬರಕೋರಿ."

ಅಪ್ಪ ಕಾಕಾನನ್ನೇ ನೋಡಿದ. "ನೀನ ಹೇಳೋ, ನಾ ಬೇಕಂತ ಮಾಡೀನೇನು?"

ಕಾಕಾ ತನ್ನ ವಕೀಲನ ಮುಖ ನೋಡಿದ. ತುಂಡನ್ನು ನೆಲಕ್ಕೆ ಬಿಟ್ಟ. "ಇವ್ರು ಜಗ್ಗು ಅಂದ್ರು, ನಾ ಜಗ್ಗೀನ್ರಿ," ಎಂದು ಕಮಿಷನರರಿಗೆ ಹೇಳಿ ಮೋಟಾರ್ ಸೈಕಲ್ ಹತ್ತಿದ. ಡಿಜೆಯ ಮಾತು ಅಪ್ಪನ ಬಾಯಲ್ಲೇ ಉಳಿಯಿತು.

ಈಗ ಶಾಮಿಯಾನ ಹರಿದವರು ಯಾರು ಎಂದು ಬೇರೆ ಅರ್ಜಿ ನಡೆದಿದೆ. ನಗಬೇಡಿ, ಅದಕ್ಕೂ ತಾರೀಖುಗಳು ಬೀಳುತ್ತಿವೆ. ಲಗ್ನದ ಸೀಜನ್ ಬಂತು, ಹೋಯಿತು. ಡಿಜೆ ಕೂಡ ಕೆಟ್ಟು ನಿಂತಿದೆಯಂತೆ.

ಮೊನ್ನೆ ತವರಿನಲ್ಲಿ ಒಣಗಿದ ಚಾದರ ಮಡಚಲು ಅಪ್ಪನ ಮುಂದೆ ಒಂದು ತುದಿ ಹಿಡಿದೆ. ಅವನು ಕೈ ಚಾಚಲಿಲ್ಲ.

"ಹಂಗ ಸುತ್ತಿ ಇಡವಾ," ಎಂದು ಒಳಗೆ ಹೋದ.