ಹೊಗೆಕೊಳವೆಯ ಗೂಡು

ಆಯಿ ತೀರಿಕೊಂಡ ಮೇಲಿನ ಚಳಿಗಾಲದಲ್ಲಿ, ಶೇಡಬಾಳದ ನಮ್ಮ ಮನೆಯ ಬಚ್ಚಲಿಗೆ ಹೋದವರೆಲ್ಲ ಹಣೆ ಒತ್ತಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಒಬ್ಬರಿಗೆ ತಲೆಸುತ್ತು, ಇನ್ನೊಬ್ಬರಿಗೆ ಎದೆಯ ಮೇಲೆ ಯಾರೋ ಕೈಯಿಟ್ಟಂತೆ. ಆಯಿ ಅಂದರೆ ಅಪ್ಪನ ತಾಯಿ. ಸತ್ತದ್ದು ಅದೇ ಬಚ್ಚಲಲ್ಲಿ. "ಆಕಿ ಇನ್ನೂ ಅಲ್ಲೇ ಅದಾಳ, ಬಿಟ್ಟು ಹೋಗಾಕ ಮನಸಿಲ್ಲ" ಎಂದು ಅವ್ವ ಪಿಸುಗುಡುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು. ಬದುಕಿದ್ದಾಗ ಇರುವೆಯನ್ನೂ ದಾಟಿ ನಡೆಯುತ್ತಿದ್ದ ಮುದುಕಿ ಸತ್ತ ಮೇಲೆ ನಮ್ಮ ಎದೆ ಒತ್ತಲು ಬರುತ್ತಾಳೆಯೆ? ಹಾಗಂದ ನಾನೂ ಕತ್ತಲಾದ ಮೇಲೆ ಆ ಕಡೆ ಒಬ್ಬನೇ ಹೋಗುತ್ತಿರಲಿಲ್ಲ.

ಆಯಿಯ ಸಾವನ್ನು ಊರೇ ಹೊಗಳಿತ್ತು. ಮಳೆಗಾಲದ ಒಂದು ಬೆಳಿಗ್ಗೆ ಬಸದಿಗೆ ಹೊರಡಲೆಂದು ಸ್ನಾನಕ್ಕೆ ಹೋದವಳು ಹೊರಗೆ ಬರಲಿಲ್ಲ. ಮಡಿ ಸೀರೆ ಸುತ್ತಿಕೊಂಡು ಗೋಡೆಗೊರಗಿ ಕೂತ ಹಾಗೇ ಹೋಗಿದ್ದಳು. ಕೆನ್ನೆ, ತುಟಿ ಎರಡೂ ಮದುವಣಗಿತ್ತಿಯ ಹಾಗೆ ಕೆಂಪಗಿದ್ದವು. "ಮುಖದ ಮ್ಯಾಲಿನ ಕಳಾ ನೋಡ್ರಿ, ಪುಣ್ಯವಂತಿ" ಎಂದರು ಬಂದವರು. ಅಪ್ಪ ಅಳಲಿಲ್ಲ. ನರಳದೆ, ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳದೆ ತಾಯಿ ಹೋದಳು ಎಂಬ ಒಂದೇ ಮಾತಿನ ಮೇಲೆ ಅವನು ಆಮೇಲಿನ ದಿನಗಳನ್ನು ದಾಟಿದ. ಎದುರು ಸಿಕ್ಕವರಿಗೆಲ್ಲ ಅದನ್ನೇ ಹೇಳುತ್ತಿದ್ದ. ಹೇಳುವಾಗ ಅವನ ಮುಖ ಹಗುರವಾಗುತ್ತಿತ್ತು. ಅದನ್ನು ನೋಡಲೆಂದೇ ನಾವೂ ಹೂಂಗುಟ್ಟುತ್ತಿದ್ದೆವು.

ಚಳಿ ಜೋರಾಗಿದ್ದ ಒಂದು ಮುಂಜಾನೆ ನನ್ನ ಹೆಂಡತಿ ಕಿಟಕಿ ಭದ್ರವಾಗಿ ಮುಚ್ಚಿಕೊಂಡು ತಲೆ ತೊಳೆಯಲು ಕೂತಳು. ಬಹಳ ಹೊತ್ತಾಯಿತೆಂದು ಕೂಗಿದರೆ ಉತ್ತರವಿಲ್ಲ, ನೀರು ಸುರಿಯುವ ಸದ್ದು ಮಾತ್ರ. ಭುಜ ಕೊಟ್ಟು ದೂಡಿದೆ. ಚಿಲಕ ಕಿತ್ತು ಬಂತು. ಬಾಗಿಲ ಬುಡದಲ್ಲೇ ಬಿದ್ದಿದ್ದಳು. ಅಂಗಳಕ್ಕೆ ಎತ್ತಿ ತಂದು ಮಲಗಿಸಿ ಅವಳ ಕೆನ್ನೆ ನೋಡಿದೆ. ಅದೇ ಕೆಂಪು.

ಕಾಗವಾಡದ ಡಾಕ್ಟರು ಆಕ್ಸಿಜನ್ ಹಚ್ಚಿದರು. ಅವಳು ಕಣ್ಣು ಬಿಟ್ಟ ಮೇಲೆ ನನ್ನ ಕಡೆ ತಿರುಗಿ, "ಬಚ್ಚಲದಾಗ ಗ್ಯಾಸ್ ಗೀಜರ್ ಐತೇನ್ರಿ? ಅದರ ಹೊಗಿ ಎಲ್ಲಿಂದ ಹೊರಗ ಹೋಗ್ತೈತಿ? ಆ ವಿಷಗಾಳಿ ಒಳಗ ತುಂಬಿದ್ರನ ಮಾರಿ ಹಿಂಗ ಕೆಂಪಾಗೂದು" ಎಂದರು.

ಅವಳನ್ನು ಮನೆಗೆ ಕರೆತಂದು ಮಲಗಿಸಿದವನೇ ಬಚ್ಚಲಿನ ಬಾಗಿಲು, ಕಿಟಕಿ ತೆರೆದಿಟ್ಟು ಗೀಜರ್ ಹಚ್ಚಿ ನೋಡಿದೆ. ನೀಲಿಯಾಗಿ ನಿಲ್ಲಬೇಕಾದ ಉರಿ ಹಳದಿಯಾಗಿ ಓಲಾಡುತ್ತಿತ್ತು. ಮೇಲಿನ ತಗಡಿಗೆಲ್ಲ ಮಸಿ. ಹೊಗೆ ಹೋಗಲೆಂದು ಗೋಡೆಯಾಚೆ ಬಿಟ್ಟಿದ್ದ ಕೊಳವೆಯ ಬಾಯಿಗೆ, ಏಣಿ ಹತ್ತಿ ಹೊರಗಿನಿಂದ ಕೈ ಹಿಡಿದೆ. ಬಿಸಿ ಹೊರಬರಲೇ ಇಲ್ಲ. ಗೀಜರ್ ಆರಿಸಿ ಬಂದು ತಂತಿ ತೂರಿಸಿ ಎಳೆದರೆ ಒಳಗೆ ಬಹಳ ದೂರದಿಂದ ಹುಲ್ಲು, ಪುಕ್ಕ, ಚಿಂದಿ ಒಂದಾಗಿ ಬಂತು. ಗುಬ್ಬಿ ಗೂಡು.

ಆ ಗೂಡು ಮನೆಯವರಿಗೆಲ್ಲ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ನಾವು ತಣ್ಣೀರು ಸ್ನಾನ ಮಾಡುವ ದಿನಗಳಲ್ಲಿ ಗುಬ್ಬಿ ಕಟ್ಟಿತ್ತು. ಮರಿ ಹಾರಿಹೋದ ಮೇಲೆ ಅಪ್ಪ ತೆಗೆಯಹೋದರೆ ಆಯಿ ಬಿಡಲಿಲ್ಲ. ಆಗಲೇ ಚಾತುರ್ಮಾಸ ಶುರುವಾಗಿತ್ತು. ಆ ನಾಲ್ಕು ತಿಂಗಳು ಹುಳ ಸತ್ತೀತೆಂದು ನಮ್ಮ ಜೈನರ ಮನೆಗಳಲ್ಲಿ ಸೊಪ್ಪು ಕೂಡ ತಿನ್ನುವುದಿಲ್ಲ. "ಒಳಗ ಹುಳಾ ಹುಪ್ಪಡಿ ಇರ್ತಾವ. ದೀಪಾವಳಿ ಆದಮ್ಯಾಲ ತಗೀ" ಅಂದಿದ್ದಳು. ದೀಪಾವಳಿಗೆ ಅವಳೇ ಇರಲಿಲ್ಲ, ಗೂಡು ಯಾರಿಗೂ ನೆನಪಾಗಲಿಲ್ಲ. ಕಿಟಕಿ ತೆರೆದಿಟ್ಟು ಸ್ನಾನ ಮಾಡುತ್ತಿದ್ದ ನಾವು ತಲೆನೋವಿನಲ್ಲೇ ಪಾರಾಗಿದ್ದೆವು. ಆಯಿಗೆ ಮಳೆಗಾಲದ ಗಾಳಿ ಆಗಿಬರುತ್ತಿರಲಿಲ್ಲ, ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು.

ಅಪ್ಪನ ಕಣ್ಣಿಗೆ ಬೀಳುವ ಮೊದಲೇ ಅದನ್ನು ತಿಪ್ಪೆಗೆ ಎಸೆದುಬಿಡಬೇಕು, ಅವನ ತಾಯಿಯ ಸಾವನ್ನು ಅವನಿಂದ ಕಿತ್ತುಕೊಳ್ಳಬಾರದು ಎಂದು ಗಡಬಡಿಸಿ ಇಳಿದೆ. ಅವನು ಏಣಿಯ ಬುಡದಲ್ಲೇ ನಿಂತಿದ್ದ. ನನ್ನ ಕೈಯ ಗೂಡು ನೋಡಿದ, ಕೊಳವೆ ನೋಡಿದ. ಬಿಡಿಸಿ ಹೇಳುವುದೇನೂ ಉಳಿಯಲಿಲ್ಲ. ಸೀದಾ ಒಳಗೆ ಹೋಗಿ, ಹಾಸಿಗೆಯಲ್ಲಿದ್ದ ಸೊಸೆಯ ಎದುರು ಕುಳಿತ.

"ಬೀಳೂ ಮುಂದ ನಿನಗ ಹೆಂಗಾಗಿತ್ತವ್ವಾ? ತ್ರಾಸ ಆಗಿತ್ತೇನು?"

ಅವಳು ನನ್ನ ಕಡೆ ನೋಡಲಿಲ್ಲ. "ಇಲ್ರಿ ಮಾವಾರ. ನಿದ್ದಿ ಬಂದಂಗಾತು, ಅಷ್ಟ."

ಅಪ್ಪ ತಲೆದೂಗಿದ. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದ.

ಅವನು ಹೋದದ್ದು ಖಾತ್ರಿಯಾದ ಮೇಲೆ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "ನಿದ್ದಿ ಅಲ್ರಿ ಅದು. ಎಲ್ಲಾ ಎಚ್ಚರ ಇತ್ತು. ಚಿಲಕಾ ಕಣ್ಣ ಮುಂದ ಇತ್ತು, ಕೈ ಏಳಲಿಲ್ಲ. ನೀವೆಲ್ಲಾ ಹೊರಗ ಮಾತಾಡೂದು ಕೇಳಸ್ತಿತ್ತು. ಒದರಬೇಕಂದ್ರ ದನಿ ಹೊಂಡಲಿಲ್ಲ."

ಆಯಿ ಒಳಗಿದ್ದ ಆ ಬೆಳಿಗ್ಗೆ ನಾವೆಲ್ಲ ಬಚ್ಚಲಿನ ಪಕ್ಕದ ಅಡುಗೆಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. ಬಸದಿಯ ಬಾಗಿಲು ಹಾಕುವವರೆಗೂ ಇವಳ ಸ್ನಾನ ಮುಗಿಯುವುದಿಲ್ಲ ಎಂದು ಅಪ್ಪ ತಮಾಷೆ ಮಾಡಿದ್ದ. ಅವಳಿಗೆ ಕೇಳಲೆಂದೇ ನಾವು ಜೋರಾಗಿ ನಕ್ಕಿದ್ದೆವು.